ಬಿಲ್ ಕಮ್ಮಿ ಮಾಡಬೇಕಾ? ಮೊದಲು ಮೀಟರ್ ಮುಂದೆ ನಿಲ್ಲಿ

ಕರೆಂಟ್ ಬಿಲ್ ಜಾಸ್ತಿ ಬಂದರೆ ಬೈಗುಳ ಬೀಳುವುದು ಲೈಟ್ ಆರಿಸದೇ ಹೋದವರಿಗೆ. ಪಾಪ, 9 ವಾಟ್‌ನ ಎಲ್‌ಇಡಿ ಬಲ್ಬ್ ನೂರು ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. 2000 ವಾಟ್‌ನ ಗೀಸರ್ ಅರ್ಧ ಗಂಟೆಯಲ್ಲೇ ಅಷ್ಟು ನುಂಗುತ್ತದೆ.

ಅದಕ್ಕೇ ಮೊದಲು ಮೀಟರ್ ಹತ್ತಿರ ಹೋಗಿ. ಡಿಜಿಟಲ್ ಮೀಟರ್‌ನಲ್ಲಿ ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ, ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಅಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ 3200. ಮನೆಯಲ್ಲಿ ಎಲ್ಲ ಆರಿಸಿ, ಫ್ರಿಜ್ ಕೂಡ ಐದು ನಿಮಿಷ ಆರಿಸಿ, ಆ ದೀಪವನ್ನೇ ನೋಡುತ್ತಾ ನಿಲ್ಲಿ. ನಾನು ನಿಂತಾಗ ಒಂದೂವರೆ ನಿಮಿಷಕ್ಕೊಮ್ಮೆ ಮಿಣುಕ್ ಅನ್ನುತ್ತಿತ್ತು. ಎಲ್ಲಾ ಆರಿಸಿದ್ದೇನಲ್ಲ, ಇದೇನಪ್ಪಾ ಅಂತ ಹುಡುಕಿದರೆ ಟಿವಿ ಹಿಂದೆ ಸೆಟ್‌ಟಾಪ್ ಬಾಕ್ಸ್ ಬೆಚ್ಚಗೆ ಕೂತಿದೆ! ಅದನ್ನು ರಿಮೋಟ್‌ನಲ್ಲಿ ಆರಿಸಿದ್ದೆ, ಗೋಡೆಯ ಸ್ವಿಚ್ ಮುಟ್ಟಿರಲಿಲ್ಲ. ಲೆಕ್ಕ ಹಾಕಿದರೆ 12 ವಾಟ್, ತಿಂಗಳಿಗೆ ಹತ್ತಿರ ಹತ್ತಿರ 9 ಯೂನಿಟ್ ಸುಮ್ನೆ ಹೋಗುತ್ತಿತ್ತು.

ಆಮೇಲೆ ಒಂದೊಂದೇ ಹಾಕುತ್ತಾ, ನಿಮಿಷಕ್ಕೆ ಎಷ್ಟು ಮಿಣುಕು ಅಂತ ಎಣಿಸಿ. ಅದನ್ನು 60ರಿಂದ ಗುಣಿಸಿ ಮೀಟರ್ ಮೇಲಿನ ಸಂಖ್ಯೆಯಿಂದ ಭಾಗಿಸಿದರೆ ಗಂಟೆಗೆ ಎಷ್ಟು ಯೂನಿಟ್ ಅಂತ ಸಿಗುತ್ತದೆ. ಬಿಸಿ ಮಾಡುವ, ತಣ್ಣಗೆ ಮಾಡುವ ಸಾಮಾನುಗಳೇ ಮುಂದಿರುತ್ತವೆ, ನೋಡುತ್ತಿರಿ.

15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು, ಅಂದರೆ 2000 ವಾಟ್‌ನ ಗೀಸರ್‌ಗೆ ಇಪ್ಪತ್ತು ನಿಮಿಷ ಸಾಕು. ರಾತ್ರಿಯಿಡೀ ಹಾಕಿಟ್ಟರೆ ನೀರು ಆರುತ್ತಾ ಇರುತ್ತದೆ, ಅದು ಮತ್ತೆ ಮತ್ತೆ ಕಾಯಿಸುತ್ತಾ ಇರುತ್ತದೆ.

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ, ಒಳಗಿನ ತಂಪು ಸೋರುತ್ತಿದೆ. ಮೊದಲು ರಬ್ಬರ್ ಒರೆಸಿ ನೋಡಿ, ಆಗಲಿಲ್ಲ ಅಂದರೆ ಅದನ್ನಷ್ಟೇ ಬದಲಾಯಿಸಿದರೆ ಸಾಕು.

ಹಳೇ ಸೀಲಿಂಗ್ ಫ್ಯಾನ್ 75 ವಾಟ್‌ವರೆಗೂ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್‌ಗೆ (ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನದ್ದು) 30ರ ಆಸುಪಾಸು. ಹಾಗಂತ ಎಲ್ಲಾ ಒಟ್ಟಿಗೆ ಬದಲಾಯಿಸಬೇಡಿ. ಮಲಗುವ ಕೋಣೆಯದ್ದು ಮೊದಲು, ಅಪರೂಪಕ್ಕೆ ತಿರುಗುವ ಫ್ಯಾನ್ ಹಾಗೇ ಇರಲಿ.

ನೀರಿನ ಬಿಲ್ಲೂ ಏರಿದೆಯಾ? ಫ್ಲಶ್ ಟ್ಯಾಂಕ್‌ಗೆ ಅಡುಗೆಗೆ ಹಾಕುವ ಬಣ್ಣ ನಾಲ್ಕು ಹನಿ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದ ಹಾಗೆ ನೋಡಿಕೊಳ್ಳಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ ಅಂತಲೇ ಲೆಕ್ಕ.