ಹೋಟೆಲಿನ ಮೇಜು, ಎರಡು ವರ್ಷದ ಮಗಳು, ನೆರೆಯವರ ನೋಟ

ಮಗಳು ನಡೆಯಲು ಕಲಿತಂದಿನಿಂದ ಅವಳಿಗೆ ಮೂರು ತುಂಬುವವರೆಗೆ ನಾನೂ ನನ್ನ ಹೆಂಡತಿಯೂ ಹೊರಗೆ ತಿಂಡಿ-ಊಟಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ಅವಳನ್ನು ಮನೆಯಲ್ಲಿ ಬಿಟ್ಟು ಹೋಗುವ ಪರಿಪಾಠವನ್ನೂ ಇಟ್ಟುಕೊಳ್ಳಲಿಲ್ಲ. ಬಂಧುಗಳಲ್ಲಿ ಹಲವರಿಗೆ ಇದು ಸರಿಕಾಣಲಿಲ್ಲ. ‘ಮಗು ಸ್ವಲ್ಪ ದೊಡ್ಡದಾಗಲಿ ಕಣಪ್ಪಾ, ಹೋಟೆಲು ಎಲ್ಲಿಗೂ ಓಡಿಹೋಗಲ್ಲ’ ಎಂದು ನನ್ನ ಸೋದರತ್ತೆ ಹೇಳಿದ್ದರು. ಆದರೆ ನಾಲ್ಕು ಜನರ ನಡುವೆ ಕುಳಿತು ಉಣ್ಣುವುದನ್ನು ನಾಲ್ಕು ಜನರ ನಡುವೆಯೇ ಕಲಿಯಬೇಕು ಎಂಬುದು ನಮ್ಮ ನಂಬಿಕೆಯಾಗಿತ್ತು. ಆ ಅವಧಿಯಲ್ಲಿ ನಾವು ಏನು ಮಾಡಿದೆವು, ಸುತ್ತಲಿನವರ ಮಾತುಗಳಲ್ಲಿ ಯಾವುದನ್ನು ಮನಸ್ಸಿಗೆ ತೆಗೆದುಕೊಂಡೆವು, ಯಾವುದನ್ನು ಬಿಟ್ಟೆವು ಎಂಬುದನ್ನು ಇದೇ ವಯಸ್ಸಿನ ಮಕ್ಕಳಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಾವಿಬ್ಬರೂ ಕುಳಿತು ನಿರ್ಧರಿಸಿದ್ದು, ಈ ವಯಸ್ಸಿನ ಮಗುವಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು. ಒಂದೂವರೆ ವರ್ಷದ ಮಗು ತಟ್ಟೆಯಿಂದ ತುಣುಕೊಂದನ್ನು ಕೆಳಗೆ ಬೀಳಿಸಿ, ಅದು ಎಲ್ಲಿಗೆ ಹೋಯಿತೆಂದು ಬಗ್ಗಿ ನೋಡಿ, ಮತ್ತೊಂದನ್ನು ಬೀಳಿಸುವುದು ತುಂಟತನವಲ್ಲ. ವಸ್ತುಗಳು ಹೇಗೆ ವರ್ತಿಸುತ್ತವೆ ಎಂದು ಅದು ಪರೀಕ್ಷಿಸುತ್ತಿರುತ್ತದೆ. ಚಮಚ ಬಾಯಿಗೆ ತಲುಪುವಷ್ಟರಲ್ಲಿ ಮಗುಚಿಕೊಳ್ಳುವುದು ಕೂಡ ಮಣಿಕಟ್ಟಿನ ಹಿಡಿತ ಇನ್ನೂ ಬಲಿಯದ ಕಾರಣಕ್ಕೆ. ಒಂದೇ ಕಡೆ ಕುಳಿತಿರುವ ಶಕ್ತಿ ಹತ್ತು-ಹದಿನೈದು ನಿಮಿಷಕ್ಕಿಂತ ಹೆಚ್ಚು ಇರುವುದು ಅಪರೂಪ. ಆದ್ದರಿಂದ ಮುಖ ಒರೆಸಿದಂತೆ ಶುಭ್ರವಾಗಿರಬೇಕು, ತಟ್ಟೆ ಖಾಲಿಯಾಗಬೇಕು, ಬಾಯಿ ಮುಚ್ಚಿ ಕುಳಿತಿರಬೇಕು ಎಂಬ ಬೇಡಿಕೆಗಳನ್ನೆಲ್ಲ ಕೈಬಿಟ್ಟೆವು. ತಿನ್ನುವಾಗ ಎದ್ದು ಓಡಾಡಬಾರದು, ಆಹಾರ ನಮ್ಮ ಮೇಜನ್ನು ದಾಟಿ ಬೇರೆಯವರ ಬಳಿ ಹೋಗಬಾರದು, ಬೇಡವೆನಿಸಿದ್ದನ್ನು ಎಸೆಯದೆ ಪಕ್ಕದ ಬಟ್ಟಲಿಗೆ ಹಾಕಿ ‘ಸಾಕು’ ಎನ್ನಬೇಕು ಎಂಬಷ್ಟನ್ನು ಮಾತ್ರ ಉಳಿಸಿಕೊಂಡೆವು. ಕೈಯಿಂದ ಕಲಸಿ ತಿನ್ನುವುದೇ ನಮ್ಮಲ್ಲಿ ಶಿಷ್ಟಾಚಾರವಾಗಿರುವುದರಿಂದ ಕನ್ನಡದ ಮನೆಯ ಮಗುವಿಗೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ ಎಂದು ನನಗೆ ಅನಿಸುತ್ತದೆ.

ಆ ‘ಸಾಕು’ ಬಟ್ಟಲನ್ನು ಮನೆಯಲ್ಲಿ ಪ್ರತಿ ಊಟದಲ್ಲೂ ಅವಳ ಬಲಕ್ಕೇ ಇಡುತ್ತಿದ್ದೆವು. ಹೋಟೆಲಿನಲ್ಲಿ ಅದೇ ಜಾಗಕ್ಕೆ ಚಟ್ನಿಯ ಖಾಲಿ ಬಟ್ಟಲು ಬರುತ್ತಿತ್ತು. ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮ ಮನೆಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಉಣ್ಣುವ ರೂಢಿ. ಅಂಥ ಮಗುವನ್ನು ಒಮ್ಮೆಲೇ ಕುರ್ಚಿಯ ಮೇಲೆ ಕೂರಿಸಿದರೆ ಕಾಲಿಗೆ ಆಧಾರವಿಲ್ಲದೆ ಅದು ಜಾರುತ್ತದೆ, ಚಡಪಡಿಸುತ್ತದೆ, ನೋಡುವವರಿಗೆ ಹಟದಂತೆ ಕಾಣುತ್ತದೆ. ಮನೆಯಲ್ಲಿ ಸಂಜೆಯ ಹಣ್ಣನ್ನು ಕುರ್ಚಿಯ ಮೇಲೆ, ಪಾದದಡಿ ಸ್ಟೂಲಿಟ್ಟು ತಿನ್ನಿಸತೊಡಗಿದ ಮೇಲೆ ಹೊರಗಿನ ಚಡಪಡಿಕೆ ಬಹಳ ಮಟ್ಟಿಗೆ ಕಡಿಮೆಯಾಯಿತು.

ಬೆಂಗಳೂರಿನ ಹಳೆಯ ಹೋಟೆಲುಗಳಿಗೆ ಅವುಗಳದೇ ಆದ ಲಯವಿದೆ. 1924ರಲ್ಲಿ ಆರಂಭವಾದ ಎಂ.ಟಿ.ಆರ್. ಇರಲಿ, ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನ ಇರಲಿ, ಭಾನುವಾರ ಬೆಳಿಗ್ಗೆ ಹೋದರೆ ಕಾಯಬೇಕು. ಜಾಗ ಸಿಕ್ಕಾಗಲೂ ಇಂಥ ಕಡೆ ಒಂದೇ ಮೇಜನ್ನು ಅಪರಿಚಿತರೊಂದಿಗೆ ಹಂಚಿಕೊಳ್ಳುವುದು ಸಾಮಾನ್ಯ. ಎದುರು ಕುಳಿತವರ ಬಿಳಿ ಅಂಗಿಗೂ ನಮ್ಮ ಮಗುವಿನ ಸಾಂಬಾರಿಗೂ ನಡುವೆ ಇರುವುದು ಎರಡು ಅಡಿ ಅಂತರ ಮಾತ್ರ. ದರ್ಶಿನಿಗಳಲ್ಲಿಯೋ ನಿಂತು ತಿನ್ನುವ ಎತ್ತರದ ಮೇಜುಗಳು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಬಿಸಿ ಕಾಫಿ ಹಿಡಿಯುವುದು ಅಪಾಯಕರ. ಹಾಗಾಗಿ ನಾವು ವಾರದ ನಡುವಿನ ದಿನಗಳನ್ನು, ಅದರಲ್ಲೂ ಬಾಗಿಲು ತೆರೆದ ಮೊದಲ ಗಂಟೆಯನ್ನು ಆರಿಸಿಕೊಂಡೆವು, ಗೋಡೆ ಬದಿಯ ಮೇಜನ್ನು ಕೇಳಿ ಪಡೆದೆವು.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಗುವಿನ ಹದಿನೈದು ನಿಮಿಷವನ್ನು ಕಾಯುವುದರಲ್ಲಿ ಕಳೆಯದಿರುವುದು. ನಮ್ಮಲ್ಲಿ ಒಬ್ಬರು ಒಳಗೆ ಕುಳಿತು ತಿಂಡಿ ಹೇಳುತ್ತಿದ್ದೆವು. ಇನ್ನೊಬ್ಬರು ಮಗಳೊಂದಿಗೆ ಹೊರಗೆ ಹೂವಿನ ಅಂಗಡಿ, ಆಟೋ, ಬೀದಿಯ ನಾಯಿಗಳನ್ನು ನೋಡುತ್ತಿದ್ದು, ತಟ್ಟೆಗಳು ಮೇಜಿಗೆ ಬಂದ ಮೇಲೆ ಒಳಗೆ ಬರುತ್ತಿದ್ದೆವು. ಮಗುವಿಗೆ ಮೊದಲು ತರಿಸುವುದು ಒಳ್ಳೆಯದೆಂದು ಹಲವರು ಸಲಹೆ ಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ, ಏಕೆಂದರೆ ನಮ್ಮ ದೋಸೆ ಬರುವ ಹೊತ್ತಿಗೆ ಅವಳ ಇಡ್ಲಿ ಮುಗಿದು ಕೆಳಗಿಳಿಯುವ ಆತುರ ಶುರುವಾಗಿರುತ್ತದೆ. ಎಲ್ಲವೂ ಒಟ್ಟಿಗೇ ಬರಲಿ ಎಂದೂ, ಕಾಫಿಯ ಜೊತೆಗೇ ಬಿಲ್ಲು ಕೊಟ್ಟುಬಿಡಿ ಎಂದೂ ಹೇಳಿದರೆ ಬಡಿಸುವವರು ಸಂತೋಷವಾಗಿ ಒಪ್ಪುತ್ತಾರೆ. ಅವರಿಗೂ ಮೇಜು ಬೇಗ ಖಾಲಿಯಾಗುವುದೇ ಬೇಕು.

ತಿನಿಸಿನ ಆಯ್ಕೆಯಲ್ಲಿ ಶಿಸ್ತಿಗಿಂತ ಸುರಕ್ಷತೆ ಮುಖ್ಯ. ಇಡ್ಲಿ, ತುಪ್ಪ ಸವರಿದ ಖಾಲಿ ದೋಸೆ, ಮೆತ್ತನೆಯ ಪೊಂಗಲ್ ಸುಲಭ. ಆದರೆ ಪೊಂಗಲಿನ ಇಡೀ ಮೆಣಸನ್ನೂ ಗೋಡಂಬಿಯನ್ನೂ ಆರಿಸಿ ತೆಗೆಯಬೇಕು. ಪುಳಿಯೋಗರೆಯ ಕಡಲೆಕಾಯಿ ಬೀಜ, ಮೊಸರನ್ನದಲ್ಲಿ ಹಾಕುವ ಇಡೀ ದ್ರಾಕ್ಷಿ ಈ ವಯಸ್ಸಿನ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವಂಥವು. ಓಡಾಡುತ್ತಾ ತಿನ್ನಬಾರದೆಂಬ ನಿಯಮಕ್ಕೆ ನಾವು ಅಷ್ಟು ಅಂಟಿಕೊಂಡದ್ದಕ್ಕೆ ಕಾರಣವೂ ಇದೇ. ಬಿಸಿ ಸಾಂಬಾರಿನ ಬಟ್ಟಲು, ಕಾಫಿಯ ಲೋಟ ಎರಡೂ ಅವಳ ಕೈಗೆ ಎಟುಕದ ತುದಿಯಲ್ಲಿರುತ್ತಿದ್ದವು. ಮಕ್ಕಳ ಚರ್ಮ ತೆಳು, ಬೇಗ ಸುಡುತ್ತದೆ. ಅಕಸ್ಮಾತ್ ಚೆಲ್ಲಿಕೊಂಡರೆ ಕೂಡಲೇ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕೇ ಹೊರತು ಟೂತ್‌ಪೇಸ್ಟ್, ಬೆಣ್ಣೆ, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು.

ಇನ್ನು ಮೊಬೈಲಿನ ವಿಷಯ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೂ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಊಟದ ಹೊತ್ತಿಗೆ ಅದನ್ನು ದೂರವಿಡಲು ನಮಗಿದ್ದ ಕಾರಣ ಇನ್ನೂ ನೇರವಾದದ್ದು: ಪರದೆ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ‘ಸಾಕು’ ಎನ್ನುವ ಸಂದರ್ಭವೇ ಬರುವುದಿಲ್ಲ. ಹಾಗೆಂದು ಪಕ್ಕದ ಮೇಜಿನಲ್ಲಿ ಮೊಬೈಲ್ ಹಿಡಿದು ಕುಳಿತ ಮಗುವಿನ ತಾಯಿತಂದೆಯನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಮಗು ಅತ್ತರೆ ‘ಮಕ್ಕಳನ್ನು ಸುಧಾರಿಸಲು ಬರಲ್ಲ’ ಎನ್ನುವವರೇ ಮೊಬೈಲ್ ಕೊಟ್ಟರೆ ‘ಈಗಿನ ಕಾಲದವರೇ ಹೀಗೆ’ ಎನ್ನುತ್ತಾರೆ. ಇಡೀ ವಾರ ದುಡಿದು ದಣಿದವರು ಒಂದು ಊಟವನ್ನು ನೆಮ್ಮದಿಯಾಗಿ ಮುಗಿಸಲು ಬಯಸಿದರೆ ಅವರನ್ನು ಅಳೆಯುವ ಹಕ್ಕು ನನಗಿಲ್ಲ. ನಮ್ಮ ಮಗಳು ಅತ್ತಾಗ ನಮ್ಮಲ್ಲೊಬ್ಬರು ಅವಳನ್ನು ಎತ್ತಿಕೊಂಡು ಕೂಡಲೇ ಹೊರಗೆ ಹೋಗುತ್ತಿದ್ದೆವು. ಅದು ಶಿಕ್ಷೆಯಾಗಿರಲಿಲ್ಲ; ಶಾಂತವಾದ ಮೇಲೆ ಮರಳುತ್ತಿದ್ದೆವು, ಆಗದಿದ್ದರೆ ಉಳಿದದ್ದನ್ನು ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದೆವು.

ಜನರ ಮಾತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನಮ್ಮಿಂದ ನಿಜವಾಗಿ ತೊಂದರೆಗೊಳಗಾಗುವವರು ಒಂದು ಗುಂಪು, ನಮ್ಮ ಬಗ್ಗೆ ಅಭಿಪ್ರಾಯವಿರುವವರು ಇನ್ನೊಂದು ಗುಂಪು. ಇವೆರಡನ್ನೂ ಬೆರೆಸಿದಾಗ ತಾಯಿತಂದೆಯರು ಕುಗ್ಗುತ್ತಾರೆ. ಮೊದಲ ಗುಂಪಿನಲ್ಲಿ ಮುಖ್ಯರಾದವರು ಮೇಜು ಒರೆಸಿ ತಟ್ಟೆ ಎತ್ತುವವರು. ಅವರು ಸಾಮಾನ್ಯವಾಗಿ ಒಂದು ಮಾತೂ ಆಡುವುದಿಲ್ಲ. ಆದರೆ ನೆಲಕ್ಕೆ ಬಿದ್ದ ಇಡ್ಲಿಯ ಮೇಲೆ ತಟ್ಟೆಗಳ ಹೊರೆ ಹೊತ್ತು ಜಾರುವವರು ಅವರೇ. ಆದ್ದರಿಂದ ಕೆಳಗೆ ಬಿದ್ದದ್ದನ್ನು ನಾವೇ ಹೆಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಟಿಪ್ಸನ್ನು ಅವರ ಕೈಗೇ ಕೊಟ್ಟು ಹೊರಡುತ್ತಿದ್ದೆವು. ಮಗಳು ಎರಡು ದಾಟಿದ ಮೇಲೆ ತಾನೂ ಬಗ್ಗಿ ತುಣುಕುಗಳನ್ನು ಬಟ್ಟಲಿಗೆ ಹಾಕತೊಡಗಿದಳು. ಬಟ್ಟೆಗೆ ಸಾಂಬಾರು ಸಿಡಿಸಿಕೊಂಡವರು, ಅಳುವಿನಿಂದ ಮಾತು ಕೇಳಿಸದಾದವರು ಕೂಡ ಇದೇ ಗುಂಪಿಗೆ ಸೇರಿದವರು. ಅವರು ಸಿಡುಕಿದರೂ ಅದು ನ್ಯಾಯವೇ. ನಾನು ಕ್ಷಮೆ ಕೇಳುತ್ತೇನೆ, ಜಾಗ ಬದಲಿಸುತ್ತೇನೆ, ವಿವರಣೆ ಕೊಡಲು ಹೋಗುವುದಿಲ್ಲ.

ಮೂರು ಮೇಜಿನಾಚೆಯಿಂದ ‘ಒಂದೆರಡು ಬಿಟ್ಟರೆ ಸರಿಹೋಗುತ್ತೆ’ ಎನ್ನುವವರು ಎರಡನೆಯ ಗುಂಪಿನವರು. ಅವರಿಗೆ ‘ಕಲಿಯುತ್ತಿದ್ದಾಳೆ ಸರ್’ ಎಂದು ಒಂದೇ ಮಾತು ಹೇಳಿ ಮಗಳ ಕಡೆ ತಿರುಗುತ್ತಿದ್ದೆ. ನನ್ನನ್ನು ನಿಜವಾಗಿ ನೋಯಿಸಿದ್ದು ಬೇರೆಯೇ. ಮಗಳು ನನ್ನ ತೊಡೆಯ ಮೇಲೆ ಕುಳಿತು ನೀರು ಚೆಲ್ಲಿದರೂ ಆಕ್ಷೇಪಣೆಯ ನೋಟ ಹೋಗುತ್ತಿದ್ದುದು ನನ್ನ ಹೆಂಡತಿಯ ಕಡೆಗೆ. ಅದೇ ನೀರನ್ನು ನಾನು ಒರೆಸಿದರೆ ‘ಎಷ್ಟು ಚೆನ್ನಾಗಿ ನೋಡ್ಕೋತಾರೆ ನೋಡಿ’ ಎಂಬ ಮೆಚ್ಚುಗೆ. ಆ ಮೆಚ್ಚುಗೆಯನ್ನು ನಾನು ಒಪ್ಪಿಕೊಳ್ಳುವುದನ್ನು ಬಿಟ್ಟೆ. ‘ನಾವಿಬ್ಬರೂ ಸರದಿಯಲ್ಲಿ ಮಾಡುತ್ತೇವೆ, ಇವತ್ತು ನನ್ನ ಸರದಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳತೊಡಗಿದೆ. ತಂದೆಯರು ಇಷ್ಟನ್ನಾದರೂ ಮಾಡಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಹೋಟೆಲಿಗಿಂತ ಕಠಿಣವಾದದ್ದು ಮದುವೆಯ ಪಂಕ್ತಿ. ಅಲ್ಲಿ ನೋಡುವವರೆಲ್ಲ ಬಂಧುಗಳು, ನಿಯಮಗಳೂ ಹೆಚ್ಚು: ಪಂಕ್ತಿ ಏಳುವ ಮುನ್ನ ಏಳಬಾರದು, ಎಂಜಲು ಕೈಯಿಂದ ಬಡಿಸುವ ಸೌಟು ಮುಟ್ಟಬಾರದು, ಎಡಗೈಯಲ್ಲಿ ಉಣ್ಣಬಾರದು. ಬಿಸಿ ಸಾರಿನ ಬಕೆಟ್ಟು ಹಿಡಿದು ಓಡುತ್ತಾ ಬಡಿಸುವವರ ದಾರಿಯಲ್ಲಿ ಮಗುವಿನ ಕೈ ಚಾಚಿಕೊಂಡಿರಬಾರದು ಎಂಬುದು ಯಾರೂ ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ನಿಯಮ. ನಾವು ಒಬ್ಬರು ಒಂದು ಪಂಕ್ತಿಗೆ, ಇನ್ನೊಬ್ಬರು ಮುಂದಿನ ಪಂಕ್ತಿಗೆ ಕುಳಿತು, ಮಗಳಿಗೆ ಅನ್ನ-ತೊವ್ವೆಯನ್ನು ಮೊದಲೇ ಉಣಿಸಿ, ಪಾಯಸದ ಹೊತ್ತಿಗೆ ಮಾತ್ರ ಎಲೆಯ ಮುಂದೆ ಕೂರಿಸುತ್ತಿದ್ದೆವು. ಏಳಬಾರದೆಂಬ ನಿಯಮ ಹೀಗೆ ತಾನಾಗಿ ಪಾಲನೆಯಾಯಿತು. ಸೌಟಿನ ವಿಷಯವನ್ನು ಅವಳು ಬೇಗ ಕಲಿತಳು, ಏಕೆಂದರೆ ಮನೆಯಲ್ಲಿ ಅಜ್ಜಿಯೂ ಅದನ್ನೇ ಪಾಲಿಸುತ್ತಾರೆ.

ಎಡಗೈಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಎರಡು ವರ್ಷದ ಹೊತ್ತಿಗೆ ಅವಳು ಎರಡೂ ಕೈಗಳನ್ನು ಬಳಸುತ್ತಿದ್ದಳು, ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಆ ಕೈಯನ್ನು ಹಿಡಿದು ಬದಲಿಸಲು ಬರುತ್ತಿದ್ದರು. ‘ಇನ್ನೂ ಯಾವ ಕೈ ಅಂತ ನಿಂತಿಲ್ಲ ಅತ್ತೆ, ಅವಳ ಪಾಡಿಗೆ ಬಿಡಿ’ ಎಂದು ಮೃದುವಾಗಿ, ಆದರೆ ಪ್ರತಿ ಸಲವೂ ಹೇಳಿದೆವು. ಹತ್ತರಲ್ಲೊಬ್ಬರು ಹುಟ್ಟಿನಿಂದ ಎಡಗೈಯವರಾಗಿರುವಾಗ ಇದನ್ನು ಅಶಿಸ್ತೆಂದು ಎಣಿಸುವುದು ಮಗುವಿಗೆ ಅನ್ಯಾಯ. ಈಗ ಅವಳು ಎಡಗೈಯವಳೆಂಬುದು ಸ್ಪಷ್ಟವಾಗುತ್ತಿದೆ. ಅದನ್ನು ತಿದ್ದುವುದಿಲ್ಲವೆಂದು ನನ್ನ ಅಮ್ಮನಿಗೂ ತಿಳಿಸಿದ್ದೇವೆ, ಒಂದಷ್ಟು ದಿನ ಬೇಸರಪಟ್ಟು ಅವರೂ ಒಪ್ಪಿದ್ದಾರೆ. ಮುಂದಿನ ತಿಂಗಳು ಬಂಧುಗಳ ಮನೆಯ ಮದುವೆಯಿದೆ. ಪಂಕ್ತಿಯ ಎಡತುದಿಯ ಎಲೆ ನಮಗಿರಲಿ ಎಂದು ಈಗಲೇ ಹೇಳಿಟ್ಟಿದ್ದೇವೆ. ಅಲ್ಲಿ ಕುಳಿತರೆ ಅವಳ ಎಡಗೈ ಪಕ್ಕದವರ ಬಲಗೈಗೆ ತಾಗುವುದಿಲ್ಲ.