ಜರ್ಮನ್ ಎಕ್ಸೆಲ್‌ನಲ್ಲೂ ಓಡುವಂತೆ ಮ್ಯಾಕ್ರೋ ಬರೆಯುವುದು

ಇಂಗ್ಲಿಷ್ ಎಕ್ಸೆಲ್‌ನಲ್ಲಿ ಸರಿಯಾಗಿ ಓಡುವ ಮ್ಯಾಕ್ರೋ (ಎಕ್ಸೆಲ್‌ನ ಕೆಲಸವನ್ನು ತಾನಾಗಿ ಮಾಡಿಸುವ ವಿಬಿಎ ಪ್ರೋಗ್ರಾಂ) ಜರ್ಮನ್ ಕಂಪ್ಯೂಟರಿನಲ್ಲಿ 1004 ಎಂಬ ದೋಷ ತೋರಿಸಿ ನಿಂತರೆ, ಮೊದಲು ಸೂತ್ರ ಬರೆಯುವ ಸಾಲನ್ನು ಪರಿಶೀಲಿಸಬೇಕು. ಅಲ್ಲಿನ ಹಾಳೆಯಲ್ಲಿ ‘ಸಮ್’ ಎಂಬುದು ‘ಸುಮ್ಮೆ’ ಎಂದೂ, ಅಲ್ಪವಿರಾಮವು ಅರ್ಧವಿರಾಮವಾಗಿಯೂ ಕಂಡರೂ, ಮ್ಯಾಕ್ರೋದಿಂದ ಕೋಶಕ್ಕೆ ಸೂತ್ರ ತುಂಬುವ ‘ಫಾರ್ಮುಲಾ’ ಪ್ರಾಪರ್ಟಿಗೆ ಇಂಗ್ಲಿಷ್ ಹೆಸರನ್ನೂ ಅಲ್ಪವಿರಾಮವನ್ನೂ ಕೊಡಬೇಕು. ಸ್ಥಳೀಯ ಭಾಷೆಯ ಹೆಸರುಗಳನ್ನು ತೆಗೆದುಕೊಳ್ಳುವ ‘ಫಾರ್ಮುಲಾಲೋಕಲ್’ ಬಳಸಿದರೆ ಮ್ಯಾಕ್ರೋ ಒಂದೇ ಭಾಷೆಗೆ ಅಂಟಿಕೊಳ್ಳುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಹೆಚ್ಚು ಕಾಡುವುದು ದಶಾಂಶ ಚಿಹ್ನೆ. ಡಬಲ್ (ದಶಾಂಶ ಸಂಖ್ಯೆಯನ್ನು ಇಡುವ) ವೇರಿಯಬಲ್‌ನಲ್ಲಿರುವ 3.5 ಅನ್ನು ‘&’ ಚಿಹ್ನೆಯಿಂದ ಸೂತ್ರದ ಪಠ್ಯಕ್ಕೆ ಜೋಡಿಸಿದಾಗ, ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಜರ್ಮನ್ ಆಗಿದ್ದರೆ ಅದು ‘3,5’ ಆಗಿ ಸೂತ್ರವೇ ಕೆಡುತ್ತದೆ; ಆದ್ದರಿಂದ ಸಂಖ್ಯೆಯನ್ನು ಪಠ್ಯವಾಗಿಸುವಾಗ ಯಾವಾಗಲೂ ಚುಕ್ಕೆಯನ್ನೇ ಇಡುವ ‘ಎಸ್‌ಟಿಆರ್’ ಫಂಕ್ಷನ್ ಮೂಲಕ ಜೋಡಿಸಿ. ಬಳಕೆದಾರರು ಟೈಪಿಸಿದ ‘3,5’ ಅನ್ನು ಸಂಖ್ಯೆಯಾಗಿ ಓದಲು ‘ವ್ಯಾಲ್’ ಫಂಕ್ಷನ್ ಬೇಡ, ಏಕೆಂದರೆ ಅದು ಯಾವ ಎಚ್ಚರಿಕೆಯನ್ನೂ ಕೊಡದೆ 3 ಎಂದಷ್ಟೇ ಓದುತ್ತದೆ. ಅಲ್ಲಿ ಪ್ರಾದೇಶಿಕ ಸೆಟ್ಟಿಂಗನ್ನು ಅನುಸರಿಸುವ ‘ಸಿಡಿಬಿಎಲ್’ ಬಳಸಿ.