ಮನೆಯ ಸಹಾಯಧನಕ್ಕೂ ಮೊದಲು ಜಾಗದ ಕಾಗದ

ಮಂಗಳೂರು, ಉಡುಪಿ ಕಡೆಯ ಬಡ ಕುಟುಂಬಗಳಿಗೆ ಸ್ವಂತ ಮನೆ ಕೈಗೆಟುಕದಿರಲು ಕಟ್ಟುವ ಖರ್ಚಿಗಿಂತಲೂ ಜಾಗದ ಬೆಲೆಯೇ ದೊಡ್ಡ ಕಾರಣ. ಸರ್ಕಾರದ ಸಹಾಯಧನ ಬಹುಮಟ್ಟಿಗೆ ಮನೆ ಕಟ್ಟುವುದಕ್ಕೆ ದೊರೆಯುತ್ತದೆಯೇ ಹೊರತು ಜಾಗ ಕೊಳ್ಳುವುದಕ್ಕಲ್ಲ. ಆದ್ದರಿಂದ ಅರ್ಜಿ ಹಿಡಿದು ಓಡಾಡುವ ಮುನ್ನ, ನೀವು ಕುಳಿತಿರುವ ಆ ಮೂರೋ ಐದೋ ಸೆಂಟ್ಸ್ ಜಾಗ ಯಾರ ಹೆಸರಿನಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಮೊದಲು ಆರ್‌ಟಿಸಿ, ಅಂದರೆ ಪಹಣಿ ತೆಗೆಸಿ. ಜಾಗ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಬೇಕು. ಸರ್ಕಾರಿ ಜಾಗದಲ್ಲಿ ಹಿಂದೆಯೇ ಮನೆ ಕಟ್ಟಿಕೊಂಡವರು ಕರ್ನಾಟಕ ಭೂಕಂದಾಯ ಕಾಯ್ದೆಯಡಿ, ಹಳ್ಳಿಯಾದರೆ 94ಸಿ, ಪೇಟೆಯಾದರೆ 94ಸಿಸಿ ಕಲಮಿನಲ್ಲಿ ಸಕ್ರಮದ ಅರ್ಜಿ ಕೊಟ್ಟಿದ್ದಲ್ಲಿ ಅದು ಎಲ್ಲಿಗೆ ಬಂದಿದೆ ಎಂದು ತಾಲೂಕು ಕಚೇರಿಯಲ್ಲಿ ವಿಚಾರಿಸಿ. ಅದು ಮಂಜೂರಾಗಿ ಹಕ್ಕುಪತ್ರ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನನಗೆ ಪರಿಚಯವಿರುವ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಿಯೊಬ್ಬರು ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀಡಿ ಪಾಸ್‌ಪುಸ್ತಕದ ಜೊತೆ ವರ್ಷಗಟ್ಟಲೆ ಜೋಪಾನ ಮಾಡಿದ್ದರು. ಆದರೆ ಆರ್‌ಟಿಸಿಗೆ ಅವರ ಹೆಸರು ಏರಿರಲಿಲ್ಲ, ಅದೊಂದೇ ಕಾರಣಕ್ಕೆ ಮನೆಗಾಗಿ ಅವರು ಹಾಕಿದ ಅರ್ಜಿ ಹಿಂದೆ ಬಂತು. ಖಾಸಗಿಯವರಿಂದ ಸೈಟ್ ಕೊಳ್ಳುವವರು ಭೂಪರಿವರ್ತನೆ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಿಸುವ ಅನುಮತಿ) ಮತ್ತು 9/11 (ಪಂಚಾಯತಿ ಕೊಡುವ ನಮೂನೆ 9 ಮತ್ತು 11ರ ಆಸ್ತಿ ದಾಖಲೆ) ಆಗಿದೆಯೇ ಎಂದು ನೋಡದೆ ಮುಂಗಡ ಕೊಡಬಾರದು. ಪಟ್ಟಾ ಜಮೀನಿಗೆ ತಾಗಿಕೊಂಡಿರುವ ಕುಮ್ಕಿ ಜಾಗವನ್ನಂತೂ ಕೊಳ್ಳಲೇಬೇಡಿ: ಅದು ಸರ್ಕಾರದ ಭೂಮಿ, ವರ್ಗದಾರರಿಗೆ (ಆ ಪಟ್ಟಾ ಜಮೀನಿನ ಮಾಲೀಕರಿಗೆ) ಅದನ್ನು ಮಾರುವ ಹಕ್ಕಿಲ್ಲ.

ಹಳ್ಳಿಯವರು ಮನೆಯ ಸಹಾಯಧನದ ಅರ್ಜಿಯನ್ನು ಗ್ರಾಮ ಪಂಚಾಯತಿಗೆ ಕೊಡಬೇಕು. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುವುದರಿಂದ ಆ ದಿನ ಕೂಲಿ ತಪ್ಪಿದರೂ ಹಾಜರಿರಿ. ನಗರದವರಿಗೆ 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತವಿದೆ: ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯೊಳಗಿದ್ದು, ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬವು ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ಕೇಂದ್ರ ಮತ್ತು ರಾಜ್ಯಗಳಿಂದ ಒಟ್ಟು 2.5 ಲಕ್ಷ ರೂಪಾಯಿ ನೆರವು ಪಡೆಯಬಹುದು. ಮನೆಯ ಯಜಮಾನಿಯ ಹೆಸರಿನಲ್ಲೋ ಜಂಟಿ ಹೆಸರಿನಲ್ಲೋ ಅರ್ಜಿ ಹಾಕಿ.

ಜಾಗವೇ ಇಲ್ಲದ ಬಾಡಿಗೆಯವರಿಗೆ ಈ ನೆರವು ತಲುಪುವುದಿಲ್ಲ ಎಂಬುದೇ ನನ್ನ ದೊಡ್ಡ ಸಂಕಟ. ಮಲ್ಪೆ ಬಂದರಿನಲ್ಲೋ ಬೈಕಂಪಾಡಿಯ ಕಾರ್ಖಾನೆಯಲ್ಲೋ ದುಡಿಯುವವರಿಗೆ ಬಸ್ಸು ಹೋಗದ ಗುಡ್ಡದಲ್ಲಿ ನಿವೇಶನ ಕೊಟ್ಟರೆ ಅದು ಪರಿಹಾರವಾಗದು. ಇದೇ ಯೋಜನೆಯಲ್ಲಿ ಬಾಡಿಗೆ ವಸತಿಯ ವಿಭಾಗವೂ ಇದೆ; ದುಡಿಮೆಯ ಸ್ಥಳಕ್ಕೆ ಹತ್ತಿರದಲ್ಲಿ ಅದನ್ನು ಕೈಗೊಳ್ಳುವಂತೆ ವಾರ್ಡಿನ ಸದಸ್ಯರಿಗೆ ಒಟ್ಟಾಗಿ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ಮಂಜೂರಾದ ಹಣ ಒಮ್ಮೆಲೇ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿ ಫೋಟೊ ದಾಖಲಾದ ಮೇಲೆ ಖಾತೆಗೆ ಬೀಳುತ್ತದೆ. 2025ರಲ್ಲಿ ಕೆಂಪುಕಲ್ಲು, ಮರಳು ಸಿಗದೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೆಲಸಗಳು ನಿಂತದ್ದನ್ನು ನೆನಪಿನಲ್ಲಿಟ್ಟು ಸಾಮಗ್ರಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಿ. ದೀಪಾವಳಿ ಕಳೆದೊಡನೆ ತಳಪಾಯ ತೋಡಿದರೆ ಜೂನ್ ಮಳೆಗೆ ಮುಂಚೆ ಮಾಡು ಏರಿಸಲು ಸಮಯ ಸಿಗುತ್ತದೆ.